ಪ್ರತಿ ಭಾಗದಲ್ಲೂ ಅವಳು ಬೀಳಬೇಕು

ಒಂದು ಸಿನಿಮಾ ಓಡಿತು ಅಂತ ಅದನ್ನೇ ನಾಲ್ಕು ಸಲ ತೆಗೆಯುತ್ತಾರಾ? ತೆಗೆಯುತ್ತಾರೆ, ಇವರಿಗೇನು ನಾಚಿಕೆಯೇ ಮಾನವೇ. ಮೊದಲನೇ ಭಾಗದಲ್ಲಿ ಹೀರೋ ಹೀರೋಯಿನ್ ಐಸ್ ಮೇಲೆ ಜೋಡಿ ಸ್ಕೇಟಿಂಗ್ ಮಾಡುತ್ತ ಕಚ್ಚಾಡಿ, ಕಚ್ಚಾಡುತ್ತಲೇ ಪ್ರೀತಿಸಿ, ಕೊನೆಗೆ ಪದಕ ಗೆದ್ದರು. ಅಲ್ಲಿಗೆ ಕೈಮುಗಿದು ಬಿಡಬಹುದಿತ್ತು. ಎರಡನೇ ಭಾಗದಲ್ಲಿ ಅವರನ್ನು ಮತ್ತೆ ಜಗಳಕ್ಕೆ ಹಚ್ಚಿ, ಹೀರೋಯಿನ್ನನ್ನು ಬೀಳಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ, ಎಬ್ಬಿಸಿ, ಮತ್ತೆ ಪದಕ ಕೊಟ್ಟರು. ಮೂರನೆಯದರಲ್ಲಿ ಬಿದ್ದವಳಿಗೆ ನೆನಪು ಹೋಗಿ, ನೆನಪು ಬಂದು, ಮತ್ತೆ ಪದಕ. ಈಗ ನಾಲ್ಕನೆಯದು. ಆ ಜೋಡಿಗೆ ಹುಟ್ಟಿದ ಮಗಳಂತೆ, ಅವಳೂ ಸ್ಕೇಟಿಂಗ್ ಮಾಡುತ್ತಾಳಂತೆ, ಅವಳೂ ಬೀಳಬೇಕಂತೆ.

ಈ ಕಥೆಗಳಲ್ಲಿ ನಿಜವಾಗಿ ಬಿದ್ದವಳು ಒಬ್ಬಳೇ. ಯೂನಿಟ್ಟಿನವರು ಈಗ ಅವಳನ್ನು ಕೋಚಮ್ಮ ಅಂತ ಕರೆಯುತ್ತಾರೆ. ಮೊದಲೆರಡು ಭಾಗಗಳಲ್ಲಿ ಅವಳು ಕೋಚ್ ಅಲ್ಲ, ಹೀರೋಯಿನ್ನಿನ ಡೂಪ್. ಹೀರೋಯಿನ್ ಮೇಡಂಗೆ ಗೋಡೆ ಹಿಡಿಯದೆ ಐಸ್ ಮೇಲೆ ನಿಲ್ಲೋಕೂ ಬರುತ್ತಿರಲಿಲ್ಲ. ಕಣ್ಣು ಮಿಟುಕಿಸುವುದು, ತುಟಿ ಕಚ್ಚುವುದು ಅವರ ಪಾಲು, ಹಾರುವುದು ತಿರುಗುವುದು ಇವಳ ಪಾಲು. ಹೀರೋಗೆ ಡೂಪ್ ಆಗಿದ್ದವನು ಇವಳ ಗಂಡ. ಹೆಂಗಸರನ್ನು ಒಂದೇ ಕೈಯಲ್ಲಿ ತಲೆಯ ಮೇಲೆ ಎತ್ತಿ ಐಸಿನ ಅಂಗಳವೆಲ್ಲ ಸುತ್ತುತ್ತಿದ್ದ ಅಂತ ಅವನಿಗೆ ಕ್ರೇನ್ ಅಂತಲೇ ಹೆಸರು ಬಿದ್ದಿತ್ತು. ಎರಡನೇ ಭಾಗದ ಶೂಟಿಂಗಿನಲ್ಲಿ ಆ ಕ್ರೇನು ಕೈಬಿಟ್ಟಿತು. ಇವಳ ಸೊಂಟದ ಮೂಳೆ ಮುರಿಯಿತು. ಕ್ಯಾಮೆರಾ ಓಡುತ್ತಲೇ ಇತ್ತು. ಆ ಬೀಳುವಿಕೆಯನ್ನು ಹಾಗೇ ಸಿನಿಮಾಕ್ಕೆ ಹಾಕಿಕೊಂಡರು. ಥಿಯೇಟರುಗಳಲ್ಲಿ ಜನ ಬಿಕ್ಕಿಬಿಕ್ಕಿ ಅತ್ತರು.

'ಕೈ ಸೋತುಹೋಯ್ತು' ಅಂದ ಗಂಡ. ಅವಳು ನಂಬಲಿಲ್ಲ. ಜೋಡಿ ಸ್ಕೇಟಿಂಗಿನಲ್ಲಿ ಮೇಲಿರುವವಳಿಗೆ ಕೆಳಗಿರುವವನ ಮುಖ ಕಾಣುವುದಿಲ್ಲ, ಅಂಗೈ ಮಾತ್ರ ಗೊತ್ತಾಗುತ್ತದೆ. ಸೋಲುವ ಕೈ ಮೊದಲು ನಡುಗುತ್ತದೆ. ಅವನದು ನಡುಗಲೇ ಇಲ್ಲ, ಇದ್ದಕ್ಕಿದ್ದ ಹಾಗೆ ಇಲ್ಲವಾಯಿತು. ಈ ಮಾತನ್ನು ಯಾರ ಮುಂದೆ ಹೇಳಿದರೂ ನಗೆಪಾಟಲು. ಅತ್ತೆ, ನಾದಿನಿ ಹಾಗಿರಲಿ, ಒಡಹುಟ್ಟಿದ ಅಣ್ಣನೇ 'ನಿನ್ನ ತಲೇಲಿ ಸಂಶಯದ ಹುಳ ಹೊಕ್ಕಿದೆ' ಅಂತ ಬೈದ. ಆ ಹುಳವೇ ಸಂಸಾರವನ್ನೂ ತಿಂದಿತು. ಡೈವೋರ್ಸಿನಿಂದ ಅವಳಿಗೆ ಸಿಕ್ಕ ಲಾಭ ಅಂದರೆ 'ರೀ' ಬಿಟ್ಟು 'ನೀನು' ಅನ್ನುವ ಹಕ್ಕು, ಅಷ್ಟೇ. ಆಮೇಲೆ ಆಮೇಲೆ ಅವಳಿಗೂ ಸಾಕಾಗಿತ್ತು. ಎಲ್ಲರೂ ಹೇಳುವುದೇ ನಿಜವಿರಬಹುದು, ಪಾಪ ಕೈ ಸೋತೇ ಇರಬಹುದು ಅಂತ ಒಳಗೊಳಗೇ ಒಪ್ಪಿಕೊಳ್ಳತೊಡಗಿದ್ದಳು. ಹಾಗೆ ಒಪ್ಪಿದ್ದಕ್ಕೇ ಈ ಸಲ ತನ್ನ ಮಗಳು ಹೊಸ ಹೀರೋಯಿನ್ನಿಗೆ ಡೂಪ್ ಆಗುತ್ತೇನೆ, ಅಪ್ಪನೇ ಎತ್ತುತ್ತಾರೆ ಅಂದಾಗ ಸುಮ್ಮನಿದ್ದಳು. ಸುಮ್ಮನೆ ಅಂದರೆ ಪೂರ್ತಿ ಸುಮ್ಮನೆ ಅಲ್ಲ. ಕೋಚ್ ಕೆಲಸ ಗಿಟ್ಟಿಸಿಕೊಂಡು ತಾನೂ ಬಂದಿದ್ದಳು, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳೋಕೆ.

ಆವತ್ತು ಬೆಳಿಗ್ಗೆ ಐಸನ್ನು ನುಣುಪು ಮಾಡುವ ಗಾಡಿ ಅಂಗಳದಲ್ಲಿ ಗುಂಯ್‌ಗುಡುತ್ತ ಸುತ್ತುತ್ತಿತ್ತು. ನಿರ್ದೇಶಕ ಕಾಫಿ ಕಪ್ ಹಿಡಿದು ಅವಳ ಪಕ್ಕಕ್ಕೆ ಬಂದ. ಆ ಮನುಷ್ಯ ಹತ್ತಿರ ಬಂದು ಬೆಣ್ಣೆ ಹಚ್ಚತೊಡಗಿದರೆ ಏನೋ ಕಾದಿದೆ ಅಂತಲೇ ಅರ್ಥ.

"ಕೋಚಮ್ಮ, ಇವತ್ತು ಬೀಳೋ ಸೀನು. ಹುಡುಗಿಗೆ ಏನೂ ಹೇಳಬೇಡಿ ಆಯ್ತಾ?"

"ಏನು ಹೇಳಬಾರದು?"

"ಅದೇ, ಬಿಡ್ತಾರೆ ಅಂತ. ಗೊತ್ತಿದ್ದು ಬಿದ್ದರೆ ಮೈ ಮುದುಡ್ಕೊಳ್ಳುತ್ತೆ, ಕ್ಯಾಮೆರಾ ಹಿಡಿದುಬಿಡುತ್ತೆ. ಮೂರನೇ ಭಾಗದಲ್ಲಿ ನೋಡಿದ್ರಲ್ಲ, ಬೇರೆ ಡೂಪ್ ಹಾಕಿ, ಹೇಳಿ ಬೀಳಿಸಿದ್ವಿ. ಮೂಟೆ ಇಳಿಸಿದ ಹಾಗಿತ್ತು, ಜನ ನಕ್ಕರು. ಎರಡನೇ ಭಾಗದ ಹಾಗೇ ಬರಬೇಕು ನನಗೆ."

"ಎರಡನೇ ಭಾಗದ ಹಾಗೆ," ಅಂದಳು ಅವಳು. ದನಿ ತನ್ನದೇ ಅನ್ನಿಸಲಿಲ್ಲ.

"ಹೂಂ, ನಿಮಗೆ ಗೊತ್ತಿರೋದೇ ಅಲ್ವಾ? ನಾನು ಬಿಡು ಅಂದೆ, ಅವರು ಬಿಟ್ಟರು. ಆಸ್ಪತ್ರೇಲೇ ನಿಮಗೆ ಎಲ್ಲ ಹೇಳಿದ್ರಂತೆ, ನೀವೂ ನಕ್ಕು ಸುಮ್ಮನಾದ್ರಂತೆ, ಅವರೇ ನನಗೆ ಹೇಳಿದ್ರು. ದೊಡ್ಡ ಮನಸ್ಸು ನಿಮ್ಮದು." ಅಷ್ಟು ಹೇಳಿ ಅವನು ಅವಳ ಭುಜ ತಟ್ಟಿ ಲೈಟಿನವರನ್ನು ಬೈಯುತ್ತ ಹೊರಟುಹೋದ.

ಅವಳು ಇಷ್ಟು ವರ್ಷ ಸರಿಯಾದದ್ದನ್ನೇ ಹೇಳುತ್ತಿದ್ದೆನಲ್ಲ ಅಂತ ಹಿಗ್ಗಬೇಕಿತ್ತು. ಹಿಗ್ಗು ಎಲ್ಲಿಂದ ಬರಬೇಕು, ಮೈಯೆಲ್ಲ ಉರಿದುಹೋಯಿತು. ತಾನು ಸೊಂಟಕ್ಕೆ ಕಬ್ಬಿಣ ಹಾಕಿಸಿಕೊಂಡು ಮಲಗಿದ್ದಾಗ ಪಕ್ಕದಲ್ಲಿ ಕೂತು ಗಳಗಳನೆ ಅತ್ತಿದ್ದನಲ್ಲ, ಕಿತ್ತಳೆ ಸುಲಿದು ಬಾಯಿಗಿಟ್ಟಿದ್ದನಲ್ಲ, ಆ ಪಾಪಿ!

ಗಂಡಸರು ಬಟ್ಟೆ ಬದಲಿಸುವ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದಳು. ಕ್ರೇನ್ ಬೆಂಚಿನ ಮೇಲೆ ಕೂತು ಶೂ ದಾರ ಬಿಗಿಯುತ್ತಿದ್ದ. ಹೊಸ ಹೀರೋನ ಹಾಗೆ ಕಾಣಲಿ ಅಂತ ಬೋಳುತಲೆಗೆ ಗುಂಗುರು ವಿಗ್ಗು ಹಾಕಿದ್ದರು. ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು.

"ನನ್ನ ನೋಡಿ ಹೇಳು. ಕೈ ಸೋತಿತ್ತಾ, ಬಿಟ್ಟೆಯಾ?"

ಅವನಿಗೆ ಯಾವ ಕೈ, ಯಾವಾಗ ಅಂತ ಕೇಳಬೇಕಾಗಲಿಲ್ಲ. "ಮೆತ್ತಗೆ ಬೀಳ್ತೀಯ ಅಂದ್ಕೊಂಡೆ ಕಣೇ. ನೀನು ಎಂಥೆಂಥ ಏಟು ತಿಂದು ಎದ್ದವಳು. ಮುರಿಯುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಒಂದು ಮಾತು ಹೇಳಿದ್ದರೆ ಕೈಕಾಲು ಮಡಚ್ಕೊಂಡು ಬೀಳ್ತಿದ್ದೆ."

"ಹೇಳಬೇಡ ಅಂದಿದ್ರು."

"ಅಂದಿದ್ರಾ! ಆಮೇಲೆ? ಆಮೇಲೂ ಬಾಯಿಗೆ ಬೀಗ ಹಾಕಿದ್ರಾ? ನನ್ನ ಹುಚ್ಚಿ ಅಂತ ನಿನ್ನ ತಾಯಿ ಮನೆಮನೆಗೂ ಸಾರಿಕೊಂಡು ಬಂದಾಗ ಎಲ್ಲಿಗೆ ಹೋಗಿತ್ತು ನಿನ್ನ ನಾಲಿಗೆ?"

ಅವನು ಶೂ ದಾರವನ್ನು ಇನ್ನೊಂದು ಸುತ್ತು ಬಿಗಿದ. ಆಮೇಲೆ "ಮಗಳನ್ನ ಬೀಳಿಸಲ್ಲ. ನನ್ನಾಣೆ" ಅಂದ.

"ನಿನ್ನಾಣೆ ಯಾವನಿಗೆ ಬೇಕು? ನಿರ್ದೇಶಕರ ಹತ್ತಿರ ಹೋಗಿ ಆಗಲ್ಲ ಅಂತ ಹೇಳು."

"ಕೆಲಸದಿಂದ ತೆಗೀತಾರೆ. ಬೇರೆ ಯಾವನನ್ನೋ ಕರೆಸಿ ಅವಳನ್ನ ಎತ್ತಿಸ್ತಾರೆ. ಅದು ಬೇಕಾ ನಿನಗೆ?"

ಈ ಮಾತಿಗೆ ಅವಳ ಕೋಪ ಇನ್ನಷ್ಟು ನೆತ್ತಿಗೇರಿತು. ನಂಬುವುದಾದರೆ ನಂಬಬೇಕಾದದ್ದು ಇದೇ ಬಾಯನ್ನು, ಇದೇ ಕೈಯನ್ನು! ಬಾಗಿಲನ್ನು ಧಡಾರನೆ ಹಾಕಿ ಮಗಳ ಕಡೆ ನಡೆದಳು.

ಮಗಳು ಮೇಕಪ್ ಕನ್ನಡಿಯ ಮುಂದೆ ಹೀರೋಯಿನ್ನಿನದೇ ನೀಲಿ ಬಟ್ಟೆಯಲ್ಲಿ ಕೂತಿದ್ದಳು. ಕೋಚಮ್ಮ ಮೇಕಪ್ಪಿನವಳನ್ನು ಆಚೆ ಕಳಿಸಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮಗಳು ಕನ್ನಡಿಯಿಂದ ಕಣ್ಣು ತೆಗೆಯಲೇ ಇಲ್ಲ.

"ಶುರುವಾಯ್ತಾ ಮತ್ತೆ?"

"ನಿರ್ದೇಶಕರೇ ಹೇಳಿದರು ಕಣೇ, ಈಗ ತಾನೆ!"

"ಅಮ್ಮಾ, ಹಿಂದೊಂದ್ಸಲ ಯಾರೋ ಲೈಟಿನವನು ಹೇಳಿದ ಅಂದೆ. ಅದಕ್ಕೂ ಮುಂಚೆ ಇನ್ಯಾರೋ. ಆ ಲೈಟಿನವನ ಕೇಳಿದ್ರೆ ಅವನು ಆ ಶೂಟಿಂಗಿಗೇ ಬಂದಿರಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಇದೇ ಹಾಡು. ಇವತ್ತು ನನ್ನ ಮೊದಲನೇ ದೊಡ್ಡ ಶಾಟ್. ದಮ್ಮಯ್ಯ ಅಂತೀನಿ, ಇವತ್ತೊಂದು ದಿನ ಬಿಟ್ಟುಬಿಡು."

ಲೈಟಿನವನ ಮಾತು ನಿಜ. ಯಾರಾದರೂ ನಂಬಲಿ ಅಂತ ಅವಳು ಆಗ ಸುಳ್ಳು ಕಟ್ಟಿದ್ದಳು. ಈಗ ಅಪ್ಪಟ ನಿಜ ಹಿಡಿದು ಬಂದರೆ ಹೆತ್ತ ಮಗಳೇ ಮುಖ ತಿರುಗಿಸುತ್ತಿದ್ದಾಳೆ. ಯಾರನ್ನು ದೂರುವುದು?

ಶಾಟ್ ರೆಡಿಯಾಯಿತು. ಕ್ರೇನ್ ಮಗಳನ್ನು ಎತ್ತಿಕೊಂಡು ಅಂಗಳದ ಆ ತುದಿಯಿಂದ ಹೊರಟ. ಬಿಡಬೇಕಾದ ಜಾಗಕ್ಕೆ ಐಸಿನ ಮೇಲೆ ಕೆಂಪು ಚುಕ್ಕೆ ಇಟ್ಟಿದ್ದರು. ಇಳಿಸೋಕೆ ಗುರುತು ಅಂತ ಮಗಳಿಗೆ ಹೇಳಿದ್ದರು. ಚುಕ್ಕೆ ಇನ್ನೂ ದೂರವಿರುವಾಗಲೇ ಕೋಚಮ್ಮ ಗಂಟಲು ಹರಿಯುವ ಹಾಗೆ "ಇಳೀ!" ಅಂತ ಕೂಗಿದಳು. ಚಿಕ್ಕಂದಿನಿಂದ ಆ ದನಿಗೆ ಪಳಗಿದ ಮೈ, ಮಗಳು ಯೋಚಿಸುವ ಮೊದಲೇ ಅಪ್ಪನ ಹೆಗಲು ಹಿಡಿದು ಜಾರಿ ಇಳಿದುಬಿಟ್ಟಳು.

ಶಾಟ್ ಮಣ್ಣುಪಾಲಾಯಿತು. ನಿರ್ದೇಶಕ ಟೋಪಿ ತೆಗೆದು ನೆಲಕ್ಕೆ ಬಡಿದ. ಅವನಿಗಿಂತ ಮೊದಲು ಮಗಳೇ ಬಂದಳು, ಮುಖ ಕೆಂಡವಾಗಿತ್ತು. "ಅಮ್ಮ ಇಲ್ಲಿದ್ರೆ ನಾನು ಮಾಡಲ್ಲ. ಅವರನ್ನ ಆಚೆ ಕಳಿಸಿ" ಅಂತ ಎಲ್ಲರ ಎದುರಿಗೇ ಹೇಳಿದಳು. ಇಬ್ಬರು ಬಂದು ಕೋಚಮ್ಮನನ್ನು ಗಾಜಿನ ಬಾಗಿಲಿನಿಂದಾಚೆ ಬಿಟ್ಟು ಚಿಲಕ ಹಾಕಿದರು. ಅವಳು ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಳು. ಕೂಗಿದರೆ ಒಳಗೆ ಕೇಳುವುದಿಲ್ಲ. ಕುಂಟುತ್ತ ಓಡಿದರೂ ಬೇರೆ ದಾರಿಯಿಲ್ಲ.

ಮತ್ತೆ ಹೊರಟರು. ಮಗಳು ಮೇಲೆ ಎರಡೂ ತೋಳು ಚಾಚಿ ನಗುತ್ತಿದ್ದಳು. ಚುಕ್ಕೆ ಹತ್ತಿರ ಬಂತು. ಕೋಚಮ್ಮ ಕಣ್ಣು ಮುಚ್ಚಿಕೊಳ್ಳೋಣ ಅಂದುಕೊಂಡಳು, ಆಗಲಿಲ್ಲ.

ಕ್ರೇನ್ ಚುಕ್ಕೆಯನ್ನು ದಾಟಿದ. ಬಿಡಲಿಲ್ಲ. ಇನ್ನೊಂದು ಸುತ್ತು ಹೋದ. ವಯಸ್ಸಾದ ತೋಳು, ಹೆಗಲಿನಿಂದ ಮಣಿಕಟ್ಟಿನವರೆಗೂ ನಡುಗುತ್ತಿರುವುದು ಗಾಜಿನಾಚೆಯಿಂದಲೂ ಕಾಣುತ್ತಿತ್ತು. ವಿಗ್ಗು ಕಣ್ಣಿನ ಮೇಲೆ ಜಾರಿತ್ತು. ಆದರೂ ಹಿಡಿದೇ ಇದ್ದ. ಕೊನೆಗೆ ಬಾಗಿಲ ಹತ್ತಿರ ಬಂದು, ಮಗುವನ್ನು ಇಳಿಸುವ ಹಾಗೆ ಮಗಳನ್ನು ಇಳಿಸಿದ.

ನಿರ್ದೇಶಕನಿಗೆ ತಲೆ ಕೆಟ್ಟುಹೋಯಿತು. ಬಾಯಿ ಮುಂದೆ ಮೈಕ್ ಇದೆ ಅನ್ನುವುದೂ ಮರೆತುಹೋಯಿತು. "ಏನಯ್ಯಾ ಬಂದಿರೋದು ನಿನಗೆ? ಎರಡನೇ ಭಾಗದಲ್ಲಿ ಬಿಡು ಅಂದ ಕೂಡಲೆ ಹೆಂಡತೀನ ಬಿಟ್ಟೆ, ಈಗೇನು ಧಾಡಿ?"

ಮಾತು ಅಂಗಳದ ನಾಲ್ಕು ಮೂಲೆಯ ಸ್ಪೀಕರುಗಳಲ್ಲೂ ಮೊಳಗಿತು, ಗಾಜಿನಾಚೆಗೂ ಬಂತು. ಬೆಳಕಿನವರು, ಬಟ್ಟೆಯವರು, ಕಾಫಿ ಹಂಚುವವರು, ಎಲ್ಲರೂ ನಿಂತಲ್ಲೇ ನಿಂತರು. ಮಗಳು ಅಪ್ಪನ ಮುಖ ನೋಡಿದಳು, ಆಮೇಲೆ ತಾನೇ ಹೋಗಿ ಬಾಗಿಲಿನ ಚಿಲಕ ತೆಗೆದಳು.

ಕ್ರೇನ್ ಏದುಸಿರು ಬಿಡುತ್ತ ಹಿಂದೆಯೇ ಬಂದ. ಮುಖದಲ್ಲಿ ಬೆವರು, ಬೆವರಿನ ನಡುವೆ ಒಂದು ಗೆದ್ದ ನಗು. "ನೋಡಿದೆಯಲ್ಲ? ಬಿಡಲಿಲ್ಲ."

"ನೋಡಿದೆ," ಅಂದಳು ಕೋಚಮ್ಮ. "ಬಿಡು ಅಂದ್ರೂ ಬಿಡದೆ ಇರೋಕೆ ನಿನಗೆ ಬರುತ್ತೆ ಅಂತ ಇವತ್ತು ಗೊತ್ತಾಯ್ತು."

ಅವನ ನಗು ಆರಿಹೋಯಿತು. ಈ ಹೆಂಗಸಿಗೆ ಒಳ್ಳೇದು ಮಾಡಿದರೂ ತಪ್ಪೇ ಅನ್ನುವ ಹಾಗೆ ಮಗಳ ಕಡೆ ಕೈ ತೋರಿಸಿದ. "ಹೇಗೆ ಬಿಡಲಿ ನೀನೇ ಹೇಳು! ಮಗಳಲ್ವೇನೇ ಇವಳು?"

"ನಾನೂ ಒಬ್ಬರ ಮಗಳೇ ಆಗಿದ್ದೆ ಕಣೋ."

ಅವನು ತಲೆ ತಗ್ಗಿಸಿದ. ತಗ್ಗಿಸಲಿ ಅಂತ ಅವಳು ನೋಡುತ್ತ ನಿಂತಳು. ಪಕ್ಕದಲ್ಲಿ ಮಗಳೂ ಹಾಗೇ ನೋಡುತ್ತ ನಿಂತಳು.