ಹತ್ತು ಎಣಿಸುವಷ್ಟು ಹೊತ್ತು

ಬೆಳಗ್ಗೆ ಹತ್ತಕ್ಕೆ ಕೂತ ಅಣ್ಣ ಮಧ್ಯಾಹ್ನ ಎರಡಾದರೂ ಒಂದು ವೈಫೈ ಕಡ್ಡಿಯ ಜೊತೆ ಗುದ್ದಾಡುತ್ತಲೇ ಇದ್ದ. ಹೆಬ್ಬೆರಳಿನಷ್ಟು ಉದ್ದದ ಕಡ್ಡಿ. ಹಠ ಮಾತ್ರ ಮಾರುದ್ದ. ವೃತ್ತಿಯಿಂದ ಅವನು ಗಡಿಯಾರ ರಿಪೇರಿಯವನು. ಸಾಸಿವೆಯಷ್ಟು ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು ಹದ್ದುಬಸ್ತಿಗೆ ತರುವ ಮನುಷ್ಯನಿಗೆ, ಕಡ್ಡಿಯನ್ನು ನಡೆಸುವ, ಕಣ್ಣಿಗೇ ಕಾಣದ ಈ ಡ್ರೈವರ್ ಎಂಬ ತಂತ್ರಾಂಶ ಜೀವ ತಿನ್ನುತ್ತಿತ್ತು.

ಪಕ್ಕದ ಕುರ್ಚಿಯಲ್ಲಿ ತಂಗಿ. ಹನ್ನೆರಡು ವರ್ಷದ ಹಿಂದೆ ಒಂದು ಕಾಯಿಲೆಯಲ್ಲಿ ಅವಳ ಕಣ್ಣು ಹೋಗಿತ್ತು. ಹಳೇ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿಕೊಂಡಿದ್ದಳು. ಪರದೆಯ ಮೇಲಿದ್ದುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಆ ದನಿಗೆ ಅವಳಿಟ್ಟ ಹೆಸರು ವಾಚಾಳಿ. ಇವತ್ತು ಮೂರು ಗಂಟೆಗೆ ಆನ್‌ಲೈನಿನಲ್ಲಿ ಅವಳಿಗೆ ಪರೀಕ್ಷೆ: ವೈದ್ಯರು ಧ್ವನಿಮುದ್ರಿಸಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸಕ್ಕೆ. ಗೆದ್ದರೆ ತನ್ನ ಕಾಲ ಮೇಲೆ ತಾನು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಮಹಡಿಯವರ ವೈಫೈ ಈ ಕೋಣೆಗೆ ಬರುತ್ತದೆ, ಆದರೆ ಅದನ್ನು ಹಿಡಿಯಲು ಹಳೇ ಕಂಪ್ಯೂಟರಿಗೆ ಈ ಕಡ್ಡಿಯೇ ಬೇಕು. ಮೊಬೈಲಿನ ಸಿಗ್ನಲ್ ಬಾಗಿಲಲ್ಲೇ ಸತ್ತುಹೋಗುತ್ತದೆ. ಹಾಗಾಗಿ ಅಣ್ಣ ಡ್ರೈವರನ್ನು ತನ್ನ ಅಂಗಡಿಯಲ್ಲೇ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದಿದ್ದ.

"ಆಯ್ತಾ?"

"ಆಯ್ತು ಅಂತಾನೇ ಬರೆದಿದೆ ಕಣೇ. ಆದ್ರೆ ಆಗಿಲ್ಲ."

ಮೂರು ಸಲವೂ ಇದೇ ರಾಮಾಯಣ. ಡ್ರೈವರ್ ಸಲೀಸಾಗಿ ಒಳಗೆ ಹೋಗುತ್ತದೆ. ಒಂದು ಪಾಸ್‌ವರ್ಡ್ ಇಡು ಅನ್ನುತ್ತದೆ, ಇಡುತ್ತಾನೆ. ಜೊತೆಗೆ ಒಂದು ಪುಟದಷ್ಟು ಇಂಗ್ಲಿಷ್ ಕಾರುತ್ತದೆ. ಅದನ್ನೆಲ್ಲ ಓದುವ ಪುರುಸೊತ್ತು ಯಾರಿಗಿದೆ, ಎಂಟರ್ ಒತ್ತುತ್ತಾನೆ. ವಾಚಾಳಿಯಾದರೂ ಓದಿ ಹೇಳುತ್ತಿದ್ದಳೋ ಏನೋ, ತಲೆ ಸಿಡಿಯುತ್ತಿದೆ ಅಂತ ಅಷ್ಟು ಹೊತ್ತು ಅವಳ ಬಾಯನ್ನು ಇವನೇ ಮುಚ್ಚಿಸುತ್ತಿದ್ದ; ಕಂಪ್ಯೂಟರ್ ಮತ್ತೆ ಎದ್ದಾಗಲೇ ಅವಳು ಬಾಯಿ ಬಿಡುತ್ತಿದ್ದುದು. ಆಮೇಲೆ ರೀಸ್ಟಾರ್ಟ್ ಕೊಟ್ಟು ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ವಾಪಸ್ ಬಂದರೆ ಕಂಪ್ಯೂಟರ್ ಎದ್ದಿರುತ್ತದೆ, ಕಡ್ಡಿ ಮಲಗಿರುತ್ತದೆ.

ಯಾಕೆ ಎದ್ದು ಹೋಗುತ್ತಿದ್ದ? ನಿಜ ಹೇಳಬೇಕೆಂದರೆ ಅವನಿಗೆ ಸಾಕುಸಾಕಾಗಿತ್ತು, ಕಡ್ಡಿಯಿಂದಲ್ಲ. ಹನ್ನೆರಡು ವರ್ಷದಿಂದ ಬ್ಯಾಂಕಿಗೆ, ಆಸ್ಪತ್ರೆಗೆ, ಕಾಣೆಯಾದ ಬಾಚಣಿಗೆಗೆ, ಎಲ್ಲಕ್ಕೂ ಅವನೇ ಬೇಕು. ಒಂದು ದಿನವೂ ಇಲ್ಲ ಅಂದವನಲ್ಲ. ಆದರೂ ಆ ಎರಡು ನಿಮಿಷ ಯಾರಿಗೂ ಬೇಡವಾಗಿ ನಿಂತರೆ ಹಾಯೆನಿಸುತ್ತಿತ್ತು. ಹಾಗನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಎರಡೂವರೆಗೆ ನಾಲ್ಕನೆಯ ಸಲ ಹಾಕಿ ಮುಗಿಸಿದ. ಕುರ್ಚಿ ಹಿಂದೆ ಸರಿದ ಸದ್ದಿಗೆ ತಂಗಿ ಅವನ ತೋಳು ಹಿಡಿದಳು.

"ಈ ಸಲ ಎದ್ದು ಹೋಗ್ಬೇಡ."

"ಕೂತು ಏನ್ ಮಾಡ್ಲಿ? ಇದರ ಮುಖ ನೋಡ್ತಾ ಇರ್ಲಾ?"

"ಹೂಂ, ಅದನ್ನೇ ಮಾಡು. ನೀನು ಡ್ರೈವರ್ ಹಾಕೋಕೆ ಮುಂಚೆ, ನಾನು ಇಪ್ಪತ್ತು ಎಣಿಸೋಷ್ಟರಲ್ಲಿ ವಾಚಾಳಿ ಮಾತಾಡ್ತಿದ್ಲು. ಈಗ ಮೂವತ್ತಾಗುತ್ತೆ. ಮೂರು ಸಲಾನೂ ಮೂವತ್ತೇ. ಮಧ್ಯದಲ್ಲಿ ಇದು ಯಾರಿಗೋ ಕಾಯ್ತಿದೆ ಕಣೋ. ನನ್ನ ಹತ್ರ ಮಾತಾಡ್ತಿಲ್ಲ, ಅಷ್ಟೆ."

ಅಣ್ಣ ಗೊಣಗುತ್ತ ಕೂತ. ರೀಸ್ಟಾರ್ಟ್ ಕೊಟ್ಟ. ಪರದೆ ಕಪ್ಪಾಯಿತು, ಆಮೇಲೆ ಇದ್ದಕ್ಕಿದ್ದಂತೆ ನೀಲಿಯಾಯಿತು. ಯಾವುದಾದರೂ ಕೀ ಒತ್ತಿ ಎಂಬ ಸಾಲು. ಕೆಳಗೆ ಹತ್ತು, ಒಂಬತ್ತು, ಎಂಟು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಯಾವುದಾದ್ರೂ ಕೀ ಒತ್ತಬೇಕಂತೆ!" ಎಂದು ಕೂಗಿದ.

ಹೊಸದಾಗಿ ಬಂದ ಡ್ರೈವರನ್ನು ನಂಬಬಹುದೇ ಎಂದು ಕಂಪ್ಯೂಟರ್ ತನ್ನ ಒಡೆಯರನ್ನು ವಿಚಾರಿಸುವ ಪರದೆ ಅದು. ಹತ್ತು ಎಣಿಸುವಷ್ಟರಲ್ಲಿ ಯಾರೂ ಓ ಅನ್ನದಿದ್ದರೆ ಡ್ರೈವರನ್ನು ಹೊರಗೇ ನಿಲ್ಲಿಸಿ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ವಾಚಾಳಿ ಏಳುವುದಕ್ಕೆ ಮೊದಲೇ ಬರುವುದರಿಂದ ಓದಿ ಹೇಳುವವರಿಲ್ಲ. ಕಣ್ಣಿದ್ದವನು ಹಿಂದಿನ ಬಾಗಿಲಲ್ಲಿದ್ದ, ಕಣ್ಣಿಲ್ಲದವಳು ಎದುರಿಗೆ ಕೂತಿದ್ದಳು. ಇಡೀ ಬೆಳಗು ಹೀಗೇ ಹಾಳಾಗಿತ್ತು.

ಅವನು ಕೈ ಚಾಚುವಷ್ಟರಲ್ಲಿ ತಂಗಿ ಕೀಬೋರ್ಡನ್ನು ತನ್ನೆಡೆಗೆ ಎಳೆದುಕೊಂಡು ಒಂದು ಕೀ ಒತ್ತಿಬಿಟ್ಟಳು. ಎಣಿಕೆ ನಿಂತಿತು.

"ಕೊಡೇ ಇಲ್ಲಿ, ಹೊತ್ತಾಗ್ತಿದೆ!"

"ನೀನು ಓದು. ಒತ್ತೋದು ನಾನು."

"ಎಡವಟ್ಟಾದ್ರೆ ನಿನ್ನ ಪರೀಕ್ಷೆ ಮಣ್ಣುಪಾಲು!"

"ನನ್ನ ಪರೀಕ್ಷೆ ತಾನೇ? ಓದು."

ಓದಿದ. ಕೆಳಗೆ ಒಂದು, ಎಂಟರ್. ಮತ್ತೆ ಕೆಳಗೆ ಒಂದು, ಎಂಟರ್. ಇನ್ನೊಂದು ಸಲ ಹಾಗೇ. ಆಮೇಲೆ ಅವನು ಇಟ್ಟಿದ್ದ ಪಾಸ್‌ವರ್ಡ್. ಪ್ರತಿಯೊಂದನ್ನೂ ಅವಳು ಬಾಯಲ್ಲಿ ಹೇಳಿಕೊಂಡೇ ಒತ್ತಿದಳು, ಅವಸರವೇ ಇಲ್ಲದೆ. ಅವನು ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದ.

ಮೂರಕ್ಕೆ ಹತ್ತು ನಿಮಿಷವಿರುವಾಗ ಕಡ್ಡಿಯ ತುದಿಯಲ್ಲಿ ದೀಪ ಮಿನುಗಿತು. ನೆಟ್ ಸಿಕ್ಕಿದೆ ಎಂದು ವಾಚಾಳಿ ಸಾರಿದಳು. ಅಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮುಂದೆ ಯಾವಾಗಾದ್ರೂ ಈ ನೀಲಿ ಪರದೆ ಮತ್ತೆ ಬರಬಹುದು," ಅಂದ. "ಬಂದ್ರೆ ಬಾಗಿಲಾಚೆ ಹೋಗಿ ಫೋನ್ ಮಾಡು, ಬರ್ತೀನಿ."

"ಬೇಡಣ್ಣ. ಕಂಪ್ಯೂಟರ್ ಏಳೋವಾಗ ಒಂದು ಕೀ ಒತ್ತುತ್ತಾ ಇರ್ತೀನಿ; ಇಪ್ಪತ್ತು ಎಣಿಸಿದ್ರೂ ಮಾತು ಬರ್ಲಿಲ್ಲ ಅಂದ್ರೆ ಅದೇ ಬಂದು ನಿಂತಿದೆ ಅಂತ ಗೊತ್ತಾಗುತ್ತೆ. ಮುಂದಿನದು ನನ್ನ ಬೆರಳು ನೋಡ್ಕೊಳ್ಳುತ್ತೆ. ಇದಕ್ಕೆಲ್ಲ ಇನ್ಮೇಲೆ ನಿನ್ನ ಕರೆಯಲ್ಲ." ಅವಳ ಮುಖ ಅರಳಿತ್ತು. "ಹೋಗು ಈಗ. ಪರೀಕ್ಷೆ ಹೊತ್ತಲ್ಲಿ ಕೋಣೇಲಿ ಇನ್ಯಾರೂ ಇರಬಾರದಂತೆ."

ಈ ಮಾತು ಕೇಳಲು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾದಿದ್ದವನು ಅವನು. ಕೇಳಿದ ಮೇಲೆ ಕಡ್ಡಿಯ ದೀಪವನ್ನೇ ಇನ್ನೊಮ್ಮೆ ನೋಡುತ್ತ ಕೂತ. ಹೇಗೋ ಎದ್ದು, ಹೊರಗೆ ಬಂದು ಬಾಗಿಲೆಳೆದುಕೊಂಡ. ಅಂಗಡಿಗೆ ಹೋಗಬಹುದಿತ್ತು, ಹೋಗಲಿಲ್ಲ; ಮೆಟ್ಟಿಲ ಮೇಲೆ ಕೂತ. ಒಳಗಿಂದ ಕೀಬೋರ್ಡಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಪರೀಕ್ಷೆ ಮುಗಿಯುವ ನಾಲ್ಕು ಗಂಟೆಯವರೆಗೂ ಅವಳು ಅವನನ್ನು ಕರೆಯಲಿಲ್ಲ.