ಗುರವ್ವನ ಫೋಟೊ

ಸಿದ್ದಲಿಂಗವ್ವನ ಅವಳಿ ಅಕ್ಕ ಗುರವ್ವ ಆಲಮೇಲದಲ್ಲಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಪೂಜೆಗೆ ಇಡಲು ಅವಳದೊಂದು ಫೋಟೊ ಇರಲಿಲ್ಲ. ಯಾರಾದರೂ ಮೊಬೈಲ್ ಎತ್ತಿದರೆ ಸೆರಗು ಎಳೆದುಕೊಳ್ಳುವ ಹೆಂಗಸು ಅವಳು. ಗುರುತಿನ ಚೀಟಿಯಲ್ಲಿದ್ದದ್ದು ಮುಖವೋ ಮಸಿಯೋ ತಿಳಿಯುತ್ತಿರಲಿಲ್ಲ.

"ನಿಮ್ದ ತಗಸೂಣ ಬರ್ರಿ ಅತ್ತಿ. ಇಬ್ಬರದೂ ಒಂದ ಮಾರಿ" ಎಂದಳು ಸೊಸೆ ಸುವರ್ಣಾ.

"ಈ ಹಚ್ಚಿ ಏನ್ ಮಾಡ್ತೀ? ಆಲಮೇಲದಾಗಿನ ಸಣ್ಣ ಕೂಸಿಗೂ ಗೊತ್ತಾಗ್ತೈತಿ, ಇದು ಸಿದ್ದವ್ವ ಅಂತ."

ಸಿದ್ದಲಿಂಗವ್ವನ ಗದ್ದದ ಮೇಲೆ ಹಚ್ಚೆಯ ಮೂರು ಹಸಿರು ಚುಕ್ಕೆಗಳಿದ್ದವು. ಉಂಡವಳಿಗೇ ಮತ್ತೆ ಉಣಿಸಿ, ಹಸಿದವಳನ್ನು ಅಳಿಸುತ್ತಿದ್ದ ಅವ್ವ ಬೇಸತ್ತು ಸಣ್ಣವಳಿಗೆ ಹಾಕಿಸಿದ ಗುರುತು.

ಆದರೂ ಫೋಟೊ ತೆಗೆಯುವ ಬಾಗೇವಾಡಿಯ ಬುಶ್ರಾ ಅತ್ತೆ-ಸೊಸೆಯ ಊರಾದ ಇಂಗಳೇಶ್ವರಕ್ಕೆ ಬಂದಾಗ, ಸೊಸೆಯ ಕಾಟಕ್ಕೆ, ಮುದುಕಿ ಕುರ್ಚಿಯಲ್ಲಿ ಕೂತಳು. ಬುಶ್ರಾ ತೆಗೆಯುವುದು ಹಳೇ ಕಾಲದ ತಗಡಿನ ಫೋಟೊ. ಬಚ್ಚಲಿಗೆ ಕರಿ ಕಂಬಳಿ ಕಟ್ಟಿ ಕತ್ತಲು ಮಾಡಿ, ತಗಡಿಗೆ ಔಷಧ ಹಚ್ಚಿ, ಅದು ಹಸಿ ಇರುವಾಗಲೇ ಮುಗಿಸಬೇಕು.

"ಎಂಟು ಎಣಸೂತನಕ ಅಳ್ಳಾಡಬ್ಯಾಡ್ರಿ, ಆಯೀ."

"ಸೊಸಿ ಮಾತು ಕೇಳ್ಕೋತ ಹನ್ನೆರಡ ವರ್ಷ ಸುಮ್ಮ ಕುಂತೇನಿ. ಎಂಟು ಯಾವ ದೊಡ್ಡದು!"

ಸುವರ್ಣಾ ನಕ್ಕಳು. ಮುದುಕಿಯೂ ನಗುಮುಖ ಮಾಡಿ ಕೂತಳು. ಆದರೆ ಎಂಟು ಎಣಿಸುವವರೆಗೆ ಯಾವ ನಗು ನಿಂತೀತು? ನಾಲ್ಕಕ್ಕೇ ಅದು ಸಡಿಲಿ, ಹೊತ್ತ ಕೊಡ ಇಳಿಸಿದವರ ಮುಖದಂತೆ ಅವಳ ಮುಖ ಹಗುರಾಯಿತು.

ಅಗಲ ತಟ್ಟೆಯಂಥ ಪರಾತದ ನೀರಿನಲ್ಲಿ ತಗಡು ಮೆಲ್ಲಗೆ ಬೆಳಗಾಗಿ ಮುಖ ಮೂಡಿತು. ಹಣೆಯ ಕುಂಕುಮ ಕಾಡಿಗೆಯಷ್ಟು ಕಪ್ಪು. ಸುಕ್ಕುಗಳು ಉತ್ತ ಹೊಲದ ಸಾಲು. ಗದ್ದದ ಮೇಲೆ ಏನೂ ಇರಲಿಲ್ಲ.

ಬುಶ್ರಾ ನಾಲಿಗೆ ಕಚ್ಚಿಕೊಂಡಳು. "ತಪ್ಪ ತಿಳೀಬ್ಯಾಡ್ರಿ ಆಯೀ. ಈ ಔಷಧಕ್ಕ ಹಸರ ಹಚ್ಚಿ ಕಾಣಂಗಿಲ್ಲ. ಸೂಜೀಲೆ ಗೀರಿ ಚುಕ್ಕಿ ಮಾಡಿ ಕೊಡ್ಲೇನ್ರಿ?"

ಸಿದ್ದಲಿಂಗವ್ವ ಅವಳ ಕೈ ಹಿಡಿದಳು. "ಮುಟ್ಟಬ್ಯಾಡವಾ."

ಪರಾತದ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು. ಕೂತದ್ದು ತಾನೇ ಎಂಬುದು ಅವಳಿಗೇನೂ ಮರೆತಿರಲಿಲ್ಲ.

"ಬಂದಿ ಏನ, ಅಕ್ಕಾ?" ಎಂದಳು.

ಸುವರ್ಣಾ ಕಣ್ಣೊರೆಸಿಕೊಂಡು ಆಲಮೇಲಕ್ಕೆ ಫೋನ್ ಹಚ್ಚಿ ಕೊಟ್ಟಳು. ಗುರವ್ವನ ಮಗ ಸಂಜೀವಕುಮಾರ ಎತ್ತಿದ.

"ಸಂಜೀವ, ಗ್ವಾಡಿಗೊಂದು ಮೊಳಿ ಹೊಡದಿಡೋ" ಎಂದಳು ಮುದುಕಿ. "ನಾಳಿ ನಿಮ್ಮವ್ವನ್ನ ಕರ್ಕೊಂಡ ಬರ್ತೇನಿ."