ಕೊನೆಯ ಹೊಲಿಗೆ ಯಾರದು?

ಪಕ್ಕದ ಮನೆಯ ಒಲೆ ಚೆನ್ನಾಗಿ ಉರಿದರೆ ನಮ್ಮ ಹೊಟ್ಟೆಯೂ ಉರಿಯುವುದು ಹೊಸ ರೋಗವೇನಲ್ಲ. ಸೆಫ್ರೂ ಊರಿನ ಹಳೇ ಕೇರಿಯ ಬತೂಲಳಿಗೆ ಆ ರೋಗ ಅಂಟಿ ಆಗಲೇ ಎರಡು ತಿಂಗಳಾಗಿತ್ತು.

ಬತೂಲ್ ಸಾಮಾನ್ಯಳಲ್ಲ. ನಿಲುವಂಗಿಗಳಿಗೆ ರೇಷ್ಮೆ ದಾರದ ಗುಂಡಿ ಕಟ್ಟುವುದರಲ್ಲಿ ಆ ಕೇರಿಗೇ ಮೊದಲ ಕೈ. ಕಾಗದದ ಸಣ್ಣ ಸುರುಳಿಯ ಮೇಲೆ ಸೂಜಿಯಿಂದ ದಾರ ಹೆಣೆಯುತ್ತ ಹೋದರೆ ಕಡಲೆಕಾಳಿನಷ್ಟು ದುಂಡನೆಯ ಗುಂಡಿ ಏಳುತ್ತದೆ. ಅವಳ ಗುಂಡಿ ತೊಟ್ಟು ಹೊರಟ ಹೆಣ್ಣನ್ನು ಬೀದಿಯಲ್ಲಿ ನಿಲ್ಲಿಸಿ, "ಇದು ಬತೂಲಳ ಕೈಯದಲ್ವಾ?" ಎಂದು ಕೇಳುತ್ತಿದ್ದರು.

ಆ ಮನೆಯಲ್ಲಿ ಅಜ್ಜಿಯ ಕಾಲದಿಂದ ಒಂದು ಪದ್ಧತಿ. ಕಲಿಯುವವರು ಗುಂಡಿಯನ್ನು ಹೆಣೆಯಬಹುದು, ಆದರೆ ಕೊನೆಯ ಹೊಲಿಗೆ ಹಾಕಿ ಅದನ್ನು ಮುಚ್ಚುವವಳು ಕಲಿಸುವವಳೇ. ಕೈ ಪಳಗಿದ ಮೇಲೆ ಒಂದು ದಿನ ಅವಳು, "ಇನ್ನು ನೀನೇ ಮುಚ್ಚು" ಎನ್ನುತ್ತಾಳೆ. ಬತೂಲಳ ಒಬ್ಬಳೇ ಮಗಳು ಹನಿಯಾಗೆ ಹತ್ತೊಂಬತ್ತು ವರ್ಷ. ಹುಟ್ಟಿನಿಂದ ಬುದ್ಧಿ ನಿಧಾನ, ಬೆರಳು ಇನ್ನೂ ನಿಧಾನ. ಹನ್ನೊಂದು ವರ್ಷದಿಂದ ತಾಯಿಯ ಪಕ್ಕ ಕೂತು ಹೆಣೆಯುತ್ತಿದ್ದಳು. ಆ ಒಂದು ದಿನ ಮಾತ್ರ ಬಂದಿರಲಿಲ್ಲ. ದಾರ ಒಂಚೂರು ಸಿಕ್ಕಾದರೆ ಸಾಕು, "ಕೊಡಿಲ್ಲಿ ಕಂದಾ" ಎಂದು ಬತೂಲ್ ಕಸಿದುಕೊಂಡು ತಾನೇ ಮುಗಿಸಿಬಿಡುತ್ತಿದ್ದಳು. ಪ್ರೀತಿಯಿಂದಲೇ ಕಸಿಯುತ್ತಿದ್ದಳು ಅನ್ನಿ.

ಈಗ ಹನಿಯಾ ಬೆಳಗಿನ ಚಹಾ ಕುಡಿಯುವ ಮುಂಚೆಯೇ ಚಪ್ಪಲಿ ಮೆಟ್ಟಿಕೊಂಡು ಮೇಲಿನ ಓಣಿಗೆ ಓಡುತ್ತಿದ್ದಳು, ಇಟ್ಟೋ ಮನೆಯ ಅಂಗಳಕ್ಕೆ. ಇಟ್ಟೋ ಬೆಟ್ಟದ ಕಡೆಯಿಂದ ಮದುವೆಯಾಗಿ ಬಂದವಳು. ಕೈಲಾಗದವರೆಂದು ಮೂಲೆಗೆ ಕೂರಿಸಿದ್ದ ನಾಲ್ಕಾರು ಹೆಂಗಸರನ್ನು ಗುಂಪು ಸೇರಿಸಿ ಕೈಕೆಲಸ ಮಾಡಿಸುತ್ತಿದ್ದಳು. ಅವಳು ಕಟ್ಟುವ ಒರಟು ಗುಂಡಿ ನೋಡಿದರೆ ಬತೂಲಳಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಅಂಥವಳ ಅಂಗಳದಲ್ಲಿ ಬೆಳಗಾದರೆ ನಗು, ಹಾಡು. ಬತೂಲಳ ಅಂಗಳದಲ್ಲಿ ಅವಳೊಬ್ಬಳೇ.

ಒಂದು ಸಂಜೆ ಹನಿಯಾ ಏದುಸಿರು ಬಿಡುತ್ತ ಓಡಿಬಂದು ಅಂಗೈ ಬಿಚ್ಚಿದಳು.

"ಅವ್ವಾ, ನೋಡು! ನಾನೇ ಮುಚ್ಚಿದ್ದು!"

ದಪ್ಪ ಉಣ್ಣೆಯ ಗುಂಡಿ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು.

"ಇದೇನೇ ಇದು, ಗುಂಡೀನಾ, ಒಣಗಿದ ಅಂಜೂರಾನಾ?" ಎಂದಳು ಬತೂಲ್.

ಹನಿಯಾ ಪಕಪಕ ನಕ್ಕಳು. "ಹೌದು, ಅಂಜೂರ!" ಎಂದು ಗುಂಡಿಯನ್ನು ಜೇಬಿಗೆ ಹಾಕಿಕೊಂಡಳು. ಮಗಳು ಅತ್ತಿದ್ದರೆ ಬತೂಲಳಿಗೆ ಸಮಾಧಾನವಾಗುತ್ತಿತ್ತು. ಸಮಾಧಾನ ಮಾಡಲು ಕೆಲಸವಾದರೂ ಸಿಗುತ್ತಿತ್ತು. ನಕ್ಕಳಲ್ಲ, ಅದೇ ಚುಚ್ಚಿತು. ನಾನು ಹೆತ್ತವಳು, ನಾನು ಕಲಿಸಿದವಳು, ಹೆಸರು ಮಾತ್ರ ಆ ಬೆಟ್ಟದವಳಿಗಾ?

ಅಣ್ಣನ ಮಗಳ ಮದುವೆ ಹತ್ತಿರವಿತ್ತು. ಬತೂಲ್ ಮರುದಿನವೇ ಇಟ್ಟೋ ಬಾಗಿಲಿಗೆ ಹೋದಳು. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ.

"ಏನೇ ಇಟ್ಟೋ, ನಿನ್ನ ಗುಂಪು ಭಾರೀ ಜೋರಂತೆ. ಮದುವಣಗಿತ್ತಿ ಅಂಗಿಗೆ ರೇಷ್ಮೆ ಗುಂಡಿ ಕಟ್ಟಿಕೊಡ್ತೀರಾ? ಒಂದೊಂದೂ ನಾನು ಕಟ್ಟಿದ ಹಾಗೇ ಇರಬೇಕು."

ಕಟ್ಟಲಾರರು, ನಾಲ್ಕು ಜನರ ಮುಂದೆ ಮುಖ ಕೆಡುತ್ತದೆ, ಹನಿಯಾ ಮನೆಗೆ ಮರಳುತ್ತಾಳೆ. ಇದು ಅವಳ ಲೆಕ್ಕಾಚಾರ.

ಇಟ್ಟೋ ತಲೆ ಆಡಿಸಿದಳು. "ಆಗಲ್ಲ ಬತೂಲಕ್ಕ. ಆ ಕೆಲಸ ನಮ್ಮ ಗುಂಪಿಗೆ ಹೊಂದಲ್ಲ. ನಾನು ಮೊದಲು ಕೈಗಳನ್ನ ನೋಡ್ತೀನಿ, ಆಮೇಲೆ ಕೆಲಸ ಆರಿಸ್ತೀನಿ. ಕೆಲಸ ಹಿಡ್ಕೊಂಡು ಕೈ ಹುಡುಕೋಕೆ ಹೋಗಲ್ಲ."

"ಹಾಗಾದ್ರೆ ಏನು ಬರುತ್ತೆ ನಿಮಗೆ?"

"ಮದರಂಗಿ ದಿನ ಬರೋ ಹೆಂಗಸರಿಗೆ ಒಣಗಿದ ಗುಲಾಬಿ ಮೊಗ್ಗು ತುಂಬಿದ ಪುಟ್ಟ ಚೀಲ ಕೊಡ್ತೀರಲ್ಲ, ಅದನ್ನ ಮಾಡಿಕೊಡ್ತೀವಿ. ಚೀಲದ ಬಾಯಿಗೆ ಒಂದೊಂದು ಉಣ್ಣೆ ಗುಂಡಿ. ಆದ್ರೆ ಎಲ್ಲರನ್ನೂ ಕೇಳಿ ಹೇಳ್ತೀನಿ. ಶನಿವಾರ ನೀವೂ ಬಂದು ಕೂತ್ಕೊಳ್ಳಿ."

"ಎಲ್ಲಾ ಚೀಲ ಒಂದೇ ಥರ ಇರಬೇಕು, ಹೇಳಿರ್ತೀನಿ."

"ಐದು ಬೆರಳೇ ಒಂದೇ ಸಮ ಇಲ್ಲ, ಇನ್ನು ಚೀಲ ಹೇಗೆ ಇರುತ್ತಕ್ಕ?" ಎಂದು ಇಟ್ಟೋ ನಕ್ಕಳು.

ಮಾಡಲಿ, ಅದರಲ್ಲೇ ಎಡವುತ್ತಾಳೆ ಎಂದುಕೊಂಡು ಬತೂಲ್ ಒಪ್ಪಿದಳು.

ಶನಿವಾರ ಹನಿಯಾ ಏಳುವ ಮುಂಚೆಯೇ ಅವಳು ಹೋದಾಗ ಇನ್ನೂ ಯಾರೂ ಬಂದಿರಲಿಲ್ಲ. ಇಟ್ಟೋ ಒಬ್ಬಳೇ ಕೂತು ಎಡಗೈಯಲ್ಲಿ ಸೂಜಿ ಹಿಡಿದು ಒದ್ದಾಡುತ್ತಿದ್ದಳು. ಅವಳ ಹುಬ್ಬು ಗಂಟಿಕ್ಕಿತ್ತು.

"ಬಲಗೈಗೇನಾಯ್ತೇ?"

"ಏನೂ ಆಗಿಲ್ಲ. ಹೊಸ ಕೆಲಸ ಕೊಡೋ ಮುಂಚೆ ಎಡಗೈಲಿ ಮಾಡಿ ನೋಡ್ತೀನಿ, ಒಂದ್ಸಲ ಕಣ್ಣು ಮುಚ್ಕೊಂಡೂ ಮಾಡ್ತೀನಿ. ಎಲ್ಲಿ ನನಗೇ ಸಿಟ್ಟು ಬರುತ್ತೋ, ಅಲ್ಲಿ ಕೆಲಸ ಮುರಿದು ಎರಡು ಮಾಡ್ತೀನಿ."

ಗೋಡೆಗೆ ಒಂದು ರಟ್ಟು ಒರಗಿಸಿದ್ದಳು. ಅದರ ಮೇಲೆ ಬರಿಯ ಮರದ ಮಣಿ, ಪಕ್ಕದಲ್ಲಿ ಒಂದು ಸುತ್ತು ಉಣ್ಣೆ ಸುತ್ತಿದ ಮಣಿ, ಆಮೇಲೆ ಅರ್ಧ ಹೆಣೆದದ್ದು, ಕೊನೆಗೆ ಮುಚ್ಚಿದ ಗುಂಡಿ. ಮರೆತವರು ಯಾರನ್ನೂ ಕೇಳದೆ ತಲೆ ಎತ್ತಿ ನೋಡಿಕೊಳ್ಳಬಹುದಿತ್ತು. ಮಣೆಯ ಮೇಲೆ ಮೂರು ಬಗೆಯ ಸೂಜಿಗಳು, ದೊಡ್ಡ ಕಣ್ಣಿನದು, ನಡುವಿನದು, ಸಣ್ಣದು. ಬೇಕಾದ್ದನ್ನು ಬೇಕಾದವರು ತೆಗೆದುಕೊಳ್ಳಬೇಕು. ಬತೂಲ್ ಮೂಗು ಮುರಿದಳು. ಆದರೂ ಇದು ನನಗೆ ಯಾಕೆ ಹೊಳೆಯಲಿಲ್ಲ ಎಂಬ ಮಾತು ಒಳಗೊಳಗೇ ಕಚ್ಚಿತು.

ಒಬ್ಬೊಬ್ಬರೇ ಬಂದರು. ತಮೂ ಅಜ್ಜಿಗೆ ಎರಡೂ ಕೈ ನಡುಕ. ಚಹಾ ಲೋಟ ಹಿಡಿದರೆ ಅರ್ಧ ಚಹಾ ನೆಲದ ಪಾಲು. ಇಟ್ಟೋ ಅವಳ ಕೈಗೆ ಒಣಗಿದ ಮೊಗ್ಗು ತುಂಬಿದ ಜರಡಿ ಕೊಟ್ಟಳು. ಅಜ್ಜಿಯ ಕೈ ತಾನಾಗಿ ನಡುಗಿತು, ಧೂಳೆಲ್ಲ ಕೆಳಗೆ ಉದುರಿತು.

"ನೋಡ್ದ್ಯಾ ಬತೂಲ್," ಎಂದಳು ಅಜ್ಜಿ, "ಈ ನಡುಕಕ್ಕೆ ಡಾಕ್ಟರು ಔಷಧಿ ಕೊಟ್ಟ, ಇಟ್ಟೋ ಜರಡಿ ಕೊಟ್ಟಳು. ಜರಡೀನೇ ವಾಸಿ. ಆದ್ರೂ ಮಾತ್ರೆ ಬಿಟ್ಟಿಲ್ಲ, ಬಿಟ್ರೆ ಇವಳು ಬಯ್ತಾಳೆ."

ನಝಾ ಎಂಬ ಹೆಂಗಸಿಗೆ ಎಡಗೈ ಸ್ವಾಧೀನವಿಲ್ಲ. ಚೀಲದ ಬಟ್ಟೆಯನ್ನು ಒಗೆದ ಬಟ್ಟೆಗೆ ಹಾಕುವ ಕ್ಲಿಪ್ಪುಗಳಿಂದ ಹಲಗೆಗೆ ಸಿಕ್ಕಿಸಿಕೊಂಡು ಒಂದೇ ಕೈಯಲ್ಲಿ ಸರಸರ ಹೊಲಿಯುತ್ತಿದ್ದಳು. ಎಲ್ಲರಿಗಿಂತ ಮೊದಲು ಅವಳೇ ಮುಗಿಸಿದಳು. ಇಟ್ಟೋ ಕೂಡಲೇ ಬಣ್ಣದ ದಾರ ಕೊಟ್ಟು, "ಅಂಚಿಗೆ ಬಳ್ಳಿ ಬಿಡಿಸ್ತೀಯಾ?" ಎಂದು ಕೇಳಿದಳು.

"ಅವಳಿಗೆ ಇನ್ನೂ ಕಷ್ಟದ ಕೆಲಸ ಯಾಕೆ?" ಎಂದಳು ಬತೂಲ್.

"ಆಗದವರಿಗೆ ಕಷ್ಟ ಆಗಬಾರದು, ಆಗುವವರಿಗೆ ಬೇಜಾರಾಗಬಾರದು ಅಕ್ಕ. ಎರಡೂ ನೋಡ್ಕೋಬೇಕು."

ಹನಿಯಾ ದೊಡ್ಡ ಕಣ್ಣಿನ ಸೂಜಿ ಆರಿಸಿಕೊಂಡು, ಮಣಿಯ ಮೇಲೆ ಉಣ್ಣೆ ಹೆಣೆಯುತ್ತ ಕೂತಿದ್ದಳು. ನಾಲಗೆಯ ತುದಿ ತುಟಿಯಾಚೆ ಬಂದಿತ್ತು. ಬಹಳ ಹೊತ್ತಿನ ಮೇಲೆ ಕೊನೆಯ ಹೊಲಿಗೆಗೆ ಬಂದಳು. ಆಗ ದಾರ ಸಿಕ್ಕಾಯಿತು.

ಬತೂಲಳ ಕೈ ಕೇಳುತ್ತದೆಯೇ? ಹನ್ನೊಂದು ವರ್ಷದ ರೂಢಿ. ಚಂಗನೆ ಮುಂದೆ ಹೋಯಿತು. "ಕೊಡಿಲ್ಲಿ ಕಂದಾ."

ಹನಿಯಾ ಗುಂಡಿಯನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು.

"ಮುಟ್ಟಬೇಡ ಅವ್ವಾ! ನಂದು!"

ಎಲ್ಲರೂ ತಲೆ ಎತ್ತಿ ನೋಡಿದರು. ಬತೂಲಳ ಮುಖ ಕೆಂಪಾಯಿತು. ಎರಡು ತಿಂಗಳಿಂದ ಒಳಗೆ ಬೇಯುತ್ತಿದ್ದುದು ಉಕ್ಕಿಬಂತು.

"ಸಾಕೇ ಇಟ್ಟೋ? ಸಂತೋಷವಾಯ್ತಾ? ಇವಳಿಗೆ ಬಟ್ಟೆ ತೊಡಿಸಿದವಳು ನಾನು, ತಲೆ ಬಾಚಿದವಳು ನಾನು. ಈಗ ನನ್ನ ಕೈ ಅವಳಿಗೆ ಹಾವು! ಮಗಳನ್ನೇ ಕಿತ್ಕೊಂಡ್ಯಲ್ಲೇ ನನ್ನಿಂದ!"

ಇಟ್ಟೋ ಸಿಟ್ಟಾಗಲಿಲ್ಲ. "ನಾನು ಯಾರನ್ನೂ ಕಿತ್ಕೊಂಡಿಲ್ಲಕ್ಕ. ನನ್ನ ಕೈ ಹಿಂದಕ್ಕೆ ತಗೊಂಡೆ, ಅಷ್ಟೆ. ಒಂದು ಮಾತು ಹೇಳಿ. ಮೊದಲನೇ ಗುಂಡಿ ಮುಚ್ಚಿದ ದಿನ ಇವಳು ನನ್ನ ಹತ್ರ ಒಂದು ಗಳಿಗೆ ನಿಲ್ಲಲಿಲ್ಲ. ಚಪ್ಪಲೀನೂ ಇಲ್ಲೇ ಬಿಟ್ಟು ಓಡಿದಳು. ಯಾರಿಗೆ ತೋರಿಸೋಕೆ ಓಡಿದ್ದು?"

ಬತೂಲ್ ಮಗಳ ಕಾಲು ನೋಡಿದಳು. ಅಂದು ಸಂಜೆ ಮಗಳು ಬರಿಗಾಲಲ್ಲಿ ನಿಂತಿದ್ದದ್ದು ಈಗ ನೆನಪಾಯಿತು. ಅಂಗೈ ಬಿಚ್ಚಿದ್ದದ್ದು ನೆನಪಾಯಿತು. ತಾನು ಒಣಗಿದ ಅಂಜೂರ ಎಂದದ್ದೂ ನೆನಪಾಯಿತು. ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು, ಅಳುವೂ ಬಂತು. ಎದ್ದು ಹೋಗಬೇಕೆಂದಿದ್ದವಳು ಅಲ್ಲೇ ಕೂತಳು.

"ನಂಗೂ ಒಂದು ಮಣಿ ಕೊಡೇ," ಎಂದಳು ಸಣ್ಣ ದನಿಯಲ್ಲಿ.

ರೂಢಿಯಂತೆ ಸಣ್ಣ ಸೂಜಿಯನ್ನೇ ತೆಗೆದುಕೊಂಡಳು. ಒಂದು ಸಲ ದಾರ ಪೋಣಿಸಲು ನೋಡಿದಳು. ಎರಡನೇ ಸಲ. ಮೂರನೇ ಸಲ. ಬತೂಲಳ ಕಣ್ಣು ಮಂಜಾಗಿ ವರ್ಷ ಕಳೆದಿತ್ತು. ಕೇರಿಗೇ ಮೊದಲ ಕೈಯವಳು ಅದನ್ನು ಯಾರಿಗೆ ಹೇಳಿಯಾಳು? ಮನೆಯಲ್ಲಿ ಹತ್ತು ಸೂಜಿಗೆ ಒಟ್ಟಿಗೇ ದಾರ ಪೋಣಿಸಿಟ್ಟುಕೊಂಡು, ಅದಕ್ಕೇ ಅರ್ಧ ಬೆಳಗು ಕಳೆಯುತ್ತಿದ್ದಳು. ಇಟ್ಟೋ ಕಪ್ಪು ಬಟ್ಟೆಯೊಂದನ್ನು ಅವಳ ಮಡಿಲಿಗೆ ಹಾಸಿದಳು. ಬಿಳಿಯ ದಾರ ಅದರ ಮೇಲೆ ಎದ್ದು ಕಂಡಿತು. ಹನಿಯಾ ಹತ್ತಿರ ಸರಿದು, ದೊಡ್ಡ ಕಣ್ಣಿನ ಸೂಜಿಯೊಂದನ್ನು ಮುಂದೆ ಹಿಡಿದು ಪಿಸುಗುಟ್ಟಿದಳು.

"ಇದು ತಗೋ. ನಂಗೂ ಮೊದಲು ಬರ್ತಿರ್ಲಿಲ್ಲ. ಪೋಣಿಸಿ ಕೊಡ್ಲಾ ಅವ್ವಾ? ಬೇಡ್ವಾ?"

ಕೊಡ್ಲಾ, ಬೇಡ್ವಾ. ಹನ್ನೊಂದು ವರ್ಷದಲ್ಲಿ ಬತೂಲ್ ಒಂದು ದಿನವೂ ಮಗಳನ್ನು ಹೀಗೆ ಕೇಳಿರಲಿಲ್ಲ.

"ಕೊಡು ಕಂದಾ," ಎಂದಳು. "ಕೊನೇ ಹೊಲಿಗೆ ಮಾತ್ರ ನಾನೇ ಹಾಕ್ಕೋತೀನಿ."

"ಹೂಂ. ನಿಂದು ನಿಂಗೆ, ನಂದು ನಂಗೆ," ಎಂದಳು ಹನಿಯಾ, ಸಿಕ್ಕು ಬಿಡಿಸಲು ತನ್ನ ಗುಂಡಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತ.

ಮದರಂಗಿ ದಿನ ಬತೂಲಳ ಅತ್ತಿಗೆ ಚೀಲಗಳ ತಟ್ಟೆ ಹಿಡಿದು ಬಂದಾಗ ಹೆಂಗಸರು ಮುಗಿಬಿದ್ದರು. "ನಂಗೆ ಆ ಬಳ್ಳಿದು!" "ಏ, ಉಬ್ಬು ಗುಂಡಿದು ನಾನು ಮೊದಲು ನೋಡಿದ್ದು!" ಒಂದರಂತೆ ಒಂದಿಲ್ಲ, ಅದಕ್ಕೇ ಜಗಳ. ಅಷ್ಟರಲ್ಲಿ ಒಬ್ಬಳ ಕಣ್ಣು ಬತೂಲಳ ಕುತ್ತಿಗೆಯ ಹತ್ತಿರ ನಿಂತಿತು. ಒಳ್ಳೆಯ ನೀಲಿ ನಿಲುವಂಗಿ, ಉದ್ದಕ್ಕೂ ಮುತ್ತಿನಂಥ ರೇಷ್ಮೆ ಗುಂಡಿ, ಎಲ್ಲಕ್ಕಿಂತ ಮೇಲೆ ಸೊಟ್ಟ ಉಣ್ಣೆಯ ಗುಂಡಿಯೊಂದು.

"ಅಯ್ಯೋ ಬತೂಲ್, ಮೇಲಿನದು ಯಾರು ಮುಚ್ಚಿದ್ದೇ?"

"ನನ್ನ ಮಗಳು," ಎಂದಳು ಬತೂಲ್. ಎಲ್ಲರಿಗೂ ಕೇಳಲಿ ಎಂದು ಇನ್ನೊಮ್ಮೆ ಹೇಳಿದಳು.

ಹೊಟ್ಟೆಕಿಚ್ಚು ಪೂರ್ತಿ ಆರಿತೇ ಎಂದು ಕೇಳಬೇಡಿ. ಹನಿಯಾ ಹಾಡುತ್ತ ಮೇಲಿನ ಓಣಿಗೆ ಹೊರಟಾಗ ಅವಳಿಗೆ ಈಗಲೂ ಒಂಚೂರು ಕಚ್ಚುತ್ತದೆ. ಕಚ್ಚಿದಾಗ ಅವಳೂ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಡುತ್ತಾಳೆ.

ಅಕ್ಕತಂಗಿಯರೇ, ನಿಮ್ಮ ಸಂಘದಲ್ಲೂ ಒಬ್ಬ ತಮೂ ಅಜ್ಜಿ ಇರಬಹುದು, ಒಬ್ಬ ನಝಾ ಇರಬಹುದು. ಮನೆಯಲ್ಲೇ ಒಬ್ಬ ಹನಿಯಾ ಇರಬಹುದು, ಅವಳನ್ನು ಮೂಲೆಯಲ್ಲಿ ಕೂರಿಸಿ "ಪಾಪ, ಅವಳ ಕೈಲಾಗಲ್ಲ" ಅಂದಿರಲೂಬಹುದು. ಮುಂದಿನ ವಾರ ಸೇರುವಾಗ ಬಂದವರ ಕೈಗಳನ್ನು ಮೊದಲು ನೋಡಿ, ಆಮೇಲೆ ಕೆಲಸ ಆರಿಸಿ. ಕೊಡುವ ಕೆಲಸವನ್ನು ನೀವೇ ಒಮ್ಮೆ ಎಡಗೈಯಲ್ಲಿ ಮಾಡಿ ನೋಡಿ, ಕಷ್ಟವಾದ ಕಡೆ ಸಣ್ಣದಾಗಿ ಮುರಿಯಿರಿ. ಬಾಯಲ್ಲಿ ಹೇಳುವುದಕ್ಕಿಂತ ಮಾಡಿಟ್ಟ ಮಾದರಿ ತೋರಿಸಿ. ಮನೆಗೆ ಹೋಗುವಾಗ ಪ್ರತಿಯೊಬ್ಬರ ಕೈಯಲ್ಲೂ ತಾನೇ ಮುಗಿಸಿದ್ದು ಒಂದಾದರೂ ಇರಲಿ, ಸೊಟ್ಟಗಿದ್ದರೂ ಸರಿ. ಯಾರ ದಾರವಾದರೂ ಸಿಕ್ಕಾದರೆ, ನಿಮ್ಮ ಕೈ ಮುಂದೆ ಹೋಗುವ ಮುಂಚೆ ಬಾಯಿ ಕೇಳಲಿ: "ಕೊಡ್ಲಾ? ಬೇಡ್ವಾ?"

ಬೇಡ ಎಂದರೆ, ನಿಮ್ಮ ಕೈ ನಿಮ್ಮ ಮಡಿಲಲ್ಲೇ ಇರಲಿ. ಆ ಕೊನೆಯ ಹೊಲಿಗೆ ಅವಳದು.